ಡೋಲೋ ಅಣ್ಣ

ಇಂಗ್ಲೆಂಡಿಗೆ ಓದಲು ಹೋದ ನಮ್ಮ ಹುಡುಗರು ನಾಲ್ಕೈದು ಜನ ಸೇರಿ ಒಂದು ಫ್ಲ್ಯಾಟ್ ಹಿಡಿದರೆಂದರೆ ಅವರಲ್ಲೊಬ್ಬ ಡೋಲೋ ಅಣ್ಣ ಇದ್ದೇ ಇರುತ್ತಾನೆ. ಓದುವುದು ಡೇಟಾ ಸೈನ್ಸ್, ನಡೆಸುವುದು ದವಾಖಾನೆ. ಮಂಚದಡಿಯ ಸೂಟ್‌ಕೇಸಿನಲ್ಲಿ ಡೋಲೋ, ಅಮೃತಾಂಜನ, ಜೆಲುಸಿಲ್, ಅಜ್ಜಿ ಕಟ್ಟಿಕೊಟ್ಟ ಕಷಾಯದ ಪುಡಿ. ಜೊತೆಗೆ ಊರಿನ ಮೆಡಿಕಲ್ ಶಾಪಿನವನು "ಇರ್ಲಿ ಇಟ್ಕೊಳ್ಳಿ" ಅಂತ ಕೊಟ್ಟ ಯಾವುದೋ ಆ್ಯಂಟಿಬಯಾಟಿಕ್.

"ಅಣ್ಣಾ, ಮೈ ಬಿಸಿ ಆಗಿದೆ" ಎಂದರೆ ಸಾಕು, "ನಿನ್ನೆ ಏನ್ ತಿಂದೆ?" ಎನ್ನುತ್ತಾನೆ. ಪಿಜ್ಜಾ ಎಂದರೆ ರೋಗ ಗೊತ್ತಾಯಿತು. ಸಲಾಡ್ ಎಂದರೂ ಗೊತ್ತಾಯಿತು. "ಹಸೀ ಸೊಪ್ಪು ತಿಂದ್ರೆ ಇನ್ನೇನಾಗತ್ತೆ?"

ತಮಾಷೆಯೆಂದರೆ ಇವನು ಅಲ್ಲಿನ ಸರ್ಕಾರಿ ವೈದ್ಯಕ್ಕೆ ಮೊದಲೇ ದುಡ್ಡು ಕಟ್ಟಿ ಬಂದವನು. ವೀಸಾ ಜೊತೆಗೇ ವಸೂಲಾಗುವ ಆರೋಗ್ಯ ಸರ್‌ಚಾರ್ಜು ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್. ಒಂದು ವರ್ಷದ ಕೋರ್ಸಿಗೂ ವೀಸಾ ಕೆಲವು ತಿಂಗಳು ಹೆಚ್ಚಿಗೆ ಕೊಡುವುದರಿಂದ ಲೆಕ್ಕ 1164ಕ್ಕೆ ಹೋಗಿ ನಿಲ್ಲುತ್ತದೆ, ಅಂದರೆ ಲಕ್ಷ ರೂಪಾಯಿಗೂ ಮೇಲೆ. ಇಷ್ಟು ಸುರಿದವನು ಎದುರು ಬೀದಿಯ ಜಿ.ಪಿ., ಅಂದರೆ ಅಲ್ಲಿನ ಫ್ಯಾಮಿಲಿ ಡಾಕ್ಟರ ಹತ್ತಿರ ಹೋಗಿ ಪುಕ್ಕಟೆ ಹೆಸರು ಬರೆಸಿಲ್ಲ. ಯಾಕಣ್ಣಾ ಎಂದರೆ, "ಅವ್ರೇನು ಕೊಡ್ತಾರೆ? ಪ್ಯಾರಸಿಟಮಾಲ್. ಅದೂ 500. ನನ್ನ ಹತ್ರ 650 ಇದೆ!"

ಪೂರ್ತಿ ಸುಳ್ಳೂ ಅಲ್ಲ ಅನ್ನಿ. ಬೆಳಿಗ್ಗೆ ಎಂಟಕ್ಕೇ ಫೋನ್ ಹಿಡಿದು, ಸರದಿ ಕಾದು, ಅಪಾಯಿಂಟ್‌ಮೆಂಟ್ ಸಿಕ್ಕರೂ ನೆಗಡಿಗೆ ಆ ಡಾಕ್ಟರು ಹೇಳುವುದು ನೀರು ಕುಡಿ, ಮಲಗು ಎಂದೇ. ಇಂಜೆಕ್ಷನ್ ಇಲ್ಲ, ಟಾನಿಕ್ ಇಲ್ಲ, ಏನು ತಿಂದೆ ಅಂತಲೂ ಕೇಳುವುದಿಲ್ಲ. ಇದನ್ನು ವೈದ್ಯ ಎಂದು ನಮ್ಮವರು ಒಪ್ಪುವುದಾದರೂ ಹೇಗೆ? ಆ ಪ್ಯಾರಸಿಟಮಾಲನ್ನೂ ಸೂಪರ್‌ಮಾರ್ಕೆಟ್ಟಿನಲ್ಲಿ 16 ಮಾತ್ರೆಯ ಪ್ಯಾಕೆಟ್ ಎರಡಕ್ಕಿಂತ ಹೆಚ್ಚು ಕೊಡುವುದಿಲ್ಲ. ಜನ ಒಟ್ಟಿಗೆ ನುಂಗಿ ಲಿವರ್ ಕೆಡಿಸಿಕೊಳ್ಳಬಾರದೆಂದು 1998ರಲ್ಲೇ ಪ್ಯಾಕೆಟ್ಟಿನ ಗಾತ್ರ ಇಳಿಸಿದ ದೇಶ ಅದು. ಅಣ್ಣನ ಪ್ರಕಾರ ಬರೀ ಜಿಪುಣತನ.

ಒಮ್ಮೆ ಅವನಿಗೇ ಜ್ವರ ಬಂತು. ರಾತ್ರಿ ಹನ್ನೊಂದಕ್ಕೆ ಮೆಣಸು, ಜೀರಿಗೆ ಹುರಿಯಲು ಬಾಣಲೆ ಇಟ್ಟ. ಸ್ಮೋಕ್ ಅಲಾರಂ ಹೊಡೆದುಕೊಂಡು ಇಡೀ ಕಟ್ಟಡ ಚಪ್ಪಲಿಯಲ್ಲೇ ಬೀದಿಗಿಳಿಯಿತು. ಜನವರಿಯ ಚಳಿಯಲ್ಲಿ ರೋಗಿ ಮಂಕಿ ಕ್ಯಾಪ್ ಏರಿಸಿ, ಬಾಣಲೆ ಸಮೇತ ನಿಂತು, ಹೋಗಿ ಬರುವವರಿಗೆಲ್ಲ "ಸಾರಿ, ಹರ್ಬಲ್ ಟೀ" ಎನ್ನುತ್ತಿದ್ದ. ಆ ಜ್ವರ ಇನ್ನೊಂದು ವಾರ ಬಿಡಲಿಲ್ಲ.

ಇಲ್ಲಿಯವರೆಗೆ ನಗಬಹುದು. ಹೊಟ್ಟೆಯ ಬಲಗಡೆ ನೋವೆಂದ ಹುಡುಗನಿಗೆ ಜೆಲುಸಿಲ್ ಕುಡಿಸಿ ಮಲಗಿಸಿದರೆ ನಗುವಂತಿಲ್ಲ; ಅಪೆಂಡಿಕ್ಸು ಬೆಳಗಿನವರೆಗೆ ಕಾಯುವ ಪೈಕಿ ಅಲ್ಲ.

ಸೂಟ್‌ಕೇಸು ತುಂಬುತ್ತಿರುವ ಅಮ್ಮಂದಿರೇ, ಡೋಲೋ ಇಡಿ, ಕಷಾಯದ ಪುಡಿಯೂ ಇರಲಿ. ಆ ಆ್ಯಂಟಿಬಯಾಟಿಕ್ ಮಾತ್ರ ಹೊರಗೆ ತೆಗೆಯಿರಿ. ಅಲ್ಲಿಗೆ ಹೋದ ಮೊದಲ ವಾರದಲ್ಲೇ ಜಿ.ಪಿ.ಯಲ್ಲಿ ಹೆಸರು ಬರೆಸು ಅನ್ನಿ. ಅನುಮಾನ ಬಂದರೆ 111, ಪ್ರಾಣಕ್ಕೆ ಬಂದರೆ 999, ಎರಡನ್ನೂ ಫೋನಿಗೆ ಹಾಕಿಕೊಡಿ. ಅಣ್ಣನ ನಂಬರು ಅವನೇ ಕೊಡುತ್ತಾನೆ.