ಮೇಜಿನ ಮೇಲಣ ಮೇಣ

ನಮ್ಮ ಕುಂದಾಪುರದಲ್ಲಿ ಕರೆಂಟು ಹೋದಾಗ ಮೇಣದ ಬತ್ತಿಯನ್ನು ಹಚ್ಚುತ್ತಾರೆ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿರುವ ನನ್ನ ಮಗಳ ಮನೆಯಲ್ಲಾದರೋ, ಅತಿಥಿಗಳು ಬಂದರೆಂದು, ರಾತ್ರಿ ಒಂಬತ್ತಾದರೂ ಬೆಳಕಾರದ ಆ ಬೇಸಗೆಯಲ್ಲಿ ಪರದೆಗಳನ್ನೆಳೆದು, ವಿದ್ಯುದ್ದೀಪಗಳನ್ನು ನಂದಿಸಿ, ಶ್ರಮಪಟ್ಟು ಕತ್ತಲೆಯನ್ನು ನಿರ್ಮಿಸಿದ ಮೇಲೆ ಹಚ್ಚುತ್ತಾರೆ. ಆಷಾಢದ ಅಮಾವಾಸ್ಯೆಯಂದು, ಎಂದರೆ ನಮ್ಮವರು ಈಚೆಗೆ ವಿಶ್ವ ಕುಂದಾಪ್ರ ಕನ್ನಡ ದಿನವೆಂದು ಆಚರಿಸುವ ಆಸಾಡಿ ಅಮಾಸಿಯಂದು, ಆ ಬಾಡಿಗೆ ಮನೆಯಲ್ಲಿ ನೀರ್ದೋಸೆ, ಕೋಳಿ ಸುಕ್ಕಗಳ ಸಮಾರಾಧನೆ ಸಾಂಗವಾಗಿ ನಡೆಯುತ್ತಿರಲು, ಯಾರದೋ ಮೊಣಕೈ ತಗುಲಿ ಬತ್ತಿಯುರುಳಿ, ಮನೆಮಾಲೀಕನ ಪುರಾತನ ಮಹಾಗನಿ ಮೇಜಿನ ಮೇಲೆ ಅಂಗೈಯಗಲ ಮೇಣ ಹರಿಯಿತು. ಆ ಮೊಣಕೈ ಯಾರದೆಂಬುದನ್ನು ಇಲ್ಲಿ ಹೇಳಲಾರೆ. ಅದು ನನ್ನ ದೇಹಕ್ಕೆ ಸೇರಿದುದು.

ಊರಿನಲ್ಲಿ ಇದೊಂದು ಸಂಗತಿಯೇ ಅಲ್ಲ. ಮಳೆಗಾಲದ ಇರುಳುಗಳಲ್ಲಿ ಹಲಸಿನ ಮಣೆಯ ಮೇಲೆ ಬತ್ತಿಯನ್ನೂರಿ ಓದಿದವರು ನಾವು. ಬೆಳಗಾದ ಮೇಲೆ ಅಪ್ಪಯ್ಯ, ತಣಿದು ಕಲ್ಲಾದ ಮೇಣವನ್ನು ಗೆರಟೆಯ ಚೂರಿನಿಂದ ಮೆಲ್ಲನೆ ಎಬ್ಬಿಸಿ, ಅದನ್ನೂ ಎಸೆಯದೆ, ಮಳೆಗೆ ಉಬ್ಬಿ ಬಿಗಿದ ಬಾಗಿಲುಗಳ ಅಂಚಿಗೆ ತಿಕ್ಕುತ್ತಿದ್ದರು. ಲೀಡ್ಸಿನ ಮೇಜಿಗಾದರೋ ಮುಂಗಡ ಠೇವಣಿಯ ಸಂಬಂಧವಿದ್ದುದರಿಂದ ಬೆಳಗಿನವರೆಗೆ ಕಾಯುವ ಧೈರ್ಯ ಯಾರಲ್ಲಿಯೂ ಇರಲಿಲ್ಲ. ಫ್ಯಾರಡೆ ಮಹಾಶಯನು 1860ರ ಕ್ರಿಸ್‌ಮಸ್ ಕಾಲದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೇಣದ ಬತ್ತಿಯೊಂದನ್ನೇ ವಿಷಯವಾಗಿಟ್ಟುಕೊಂಡು ಎಳೆಯರಿಗೆ ಆರು ಉಪನ್ಯಾಸಗಳನ್ನು ಕೊಟ್ಟನು. ಅದು ಮೇಜಿನ ಮೇಲೆ ಬಿದ್ದರೇನು ಗತಿಯೆಂಬ ಏಳನೆಯದನ್ನು ಕೊಡದೆ ಹೋದುದು ನಮ್ಮ ದೌರ್ಭಾಗ್ಯ.

ನಾನು ಚೂರಿಯೆತ್ತಿದೆ. "ಹ್ವಾಯ್, ಅದನ್ನ್ ಕೆಳಗಿಡಿ ಕಾಂಬ!" ಎಂದು ಗದರಿದ ನನ್ನ ಪತ್ನಿ, ಬ್ರಹ್ಮಾವರದ ತವರಿನಲ್ಲಿ ಸೀರೆಗೆ ಬಿದ್ದ ಮೇಣವನ್ನು ಕಾಗದವಿಟ್ಟು ಇಸ್ತ್ರಿಯಿಂದ ಎಳೆದ ಪೂರ್ವಾನುಭವದ ಬಲದಿಂದ, ಇಸ್ತ್ರಿಪೆಟ್ಟಿಗೆಯನ್ನೇ ತಂದು ಒಂದು ಕ್ಷಣ ಊರಿದಳು. ಮೇಣವೇನೋ ಸುಮಾರು 60 ಡಿಗ್ರಿಗೆಲ್ಲ ಕರಗುವ ಸಾಧುಪದಾರ್ಥ; ಕೆಲವಂಶ ಕಾಗದಕ್ಕೇರಿತು. ಆದರೆ ಇಂತಹ ಹಳೆಯ ಮೇಜುಗಳ ಹೊಳಪೆಂಬುದು ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿದ ಅರಗು; ಅರಗಿಗೂ ಉರಿಗೂ ಎಂತಹ ಸ್ನೇಹವೆಂಬುದು ವಾರಣಾವತದ ಕಥೆಯನ್ನು ಕೇಳಿದವರಿಗೆಲ್ಲ ತಿಳಿದದ್ದೇ. ಕಾಗದವನ್ನೆತ್ತಿದಾಗ ಅಲ್ಲಿ ರೂಪಾಯಿಯಗಲದ ಬಿಳಿಯ ಮಚ್ಚೆ ಮೂಡಿತ್ತು. ಪುರೋಚನನ ಹೆಸರನ್ನೆತ್ತಲು ನಾನು ಬಾಯಿ ತೆರೆದೆ. ಮೊಣಕೈಯ ನೆನಪಾಗಿ ಮುಚ್ಚಿದೆ.

ಅಷ್ಟರಲ್ಲಿ ಬೈಂದೂರಿನ ಅಳಿಯ "ಸ್ಪಿರಿಟ್ ಇತ್ತ್ ಮಾವ, ಒರ್ಸಿರೆ ಸೈ" ಎನ್ನುತ್ತ ಸೀಸೆಯೊಂದನ್ನು ಹಿಡಿದು ಬಂದ. ಆ ದೇಶದಲ್ಲಿ ಸ್ಪಿರಿಟ್ಟೆಂಬ ಹೆಸರಿನ ದ್ರವಗಳು ಎರಡು: ಪೆಟ್ರೋಲಿಯಮ್ಮಿನ ಸಂತಾನವಾದ ವೈಟ್ ಸ್ಪಿರಿಟ್ಟು ಮೇಣದ ಜಿಡ್ಡನ್ನು ಮಾತ್ರ ಕರಗಿಸಿ ಅರಗಿನ ಗೊಡವೆಗೆ ಹೋಗದು, ನೇರಳೆ ಬಣ್ಣದ ಮೆಥಿಲೇಟೆಡ್ ಸ್ಪಿರಿಟ್ಟು ಮೇಣವನ್ನು ಹಾಗೆಯೇ ಬಿಟ್ಟು ಅರಗನ್ನೆಲ್ಲ ಒರೆಸಿಕೊಂಡು ಹೋಗುವುದು. ಅಳಿಯನ ಕೈಯಲ್ಲಿದ್ದುದು ನೇರಳೆಯದು. ಮಗಳು ಅದನ್ನು ಕಸಿದುಕೊಂಡು, ಎಲ್ಲರನ್ನೂ ಅಡುಗೆಮನೆಗೆ ಅಟ್ಟಿ, ಫ್ರೀಜರಿನಿಂದ ಹೆಪ್ಪುಗಟ್ಟಿದ ಬಟಾಣಿಯ ಚೀಲವೊಂದನ್ನು ತೆಗೆದು, ನೀರು ತಾಗದಂತೆ ಬಟ್ಟೆ ಸುತ್ತಿ ಮೇಣದ ಮೇಲಿರಿಸಿದಳು. ಹತ್ತು ನಿಮಿಷದಲ್ಲಿ ಮೇಣ ಮುದುಡಿ ಗಡುಸಾಯಿತು. ಬೆಳಿಗ್ಗೆ ಸುಕ್ಕಕ್ಕೆಂದು ಒಡೆದ ತೆಂಗಿನಕಾಯಿಯ ಗೆರಟೆ ಕಸದ ಬುಟ್ಟಿಯಲ್ಲಿಯೇ ಇದ್ದಿತು. ಅದರ ಚೂರೊಂದನ್ನು ಮರದ ಎಳೆಯ ಜಾಡಿನಲ್ಲಿ ಓರೆಯಾಗಿ ನೂಕಿದೊಡನೆ ಮೇಣವು ಹಪ್ಪಳದಂತೆ ಎದ್ದು ಬಂದಿತು. ಅಪ್ಪಯ್ಯನ ಗೆರಟೆಯ ವಿಷಯವನ್ನು ನಾನು ಅವಳಿಗೆ ಎಂದೂ ಹೇಳಿದವನಲ್ಲ. ಯಾರಿಂದ ಕಲಿತೆಯೆಂದು ಕೇಳಿದರೆ, ಚೂರಿಯಿಂದ ಗೀರು ಬೀಳುತ್ತದೆಂದು ಯಾರಿಗಾದರೂ ತಿಳಿಯುವುದಿಲ್ಲವೇ ಎಂದಳು.

ಮರುದಿನ ಉಳಿದ ಜಿಡ್ಡನ್ನು ವೈಟ್ ಸ್ಪಿರಿಟ್ಟಿನಿಂದ ಒರೆಸಿದ ಮೇಲೆ ಅಳಿಯ ಪೇಟೆಯಿಂದ ಹೊಳಪಿನ ಡಬ್ಬಿಯೊಂದನ್ನು ತಂದು ಶ್ರದ್ಧೆಯಿಂದ ತಿಕ್ಕಿದ. ಅದರ ಮುಖ್ಯ ದ್ರವ್ಯ ಮೇಣ, ಜೇನುಮೇಣವೆಂಬುದಷ್ಟೇ ವ್ಯತ್ಯಾಸ.

ಬಿಳಿಯ ಮಚ್ಚೆ ಮಾತ್ರ ಹೋಗಲಿಲ್ಲ. ಅದರ ಮೇಲೆ ಈಗ ಹಣ್ಣಿನ ಬುಟ್ಟಿಯೊಂದಿದೆ. ನಮ್ಮ ಕಡೆಯವರು ಯಾರಾದರೂ ಲೀಡ್ಸಿಗೆ ಹೋಗಿ ಆ ಮನೆಯಲ್ಲಿ ಊಟಕ್ಕೆ ಕುಳಿತರೆ ಹಣ್ಣನ್ನು ಧಾರಾಳವಾಗಿ ತಿನ್ನಿ. ಬುಟ್ಟಿಯನ್ನು ಮಾತ್ರ ಎತ್ತದಿರಿ.