ಎರಡೂವರೆ ಡಜನ್

(ಗಂಜಾಂ. ನಿಮಿಷಾಂಬ ದೇವಸ್ಥಾನದ ದಾರಿಯಲ್ಲೊಂದು ಬಳೆ ಅಂಗಡಿ. ಜಯಮ್ಮ ಮಾಲು ಜೋಡಿಸುತ್ತಿದ್ದಾಳೆ. ಬೆಂಗಳೂರಿನ ಇನ್ಸುಲೇಟರ್ ಕಾರ್ಖಾನೆಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿರುವ ಅಣ್ಣನ ಮಗ ಮಂಜ ರಜೆಗೆ ಬಂದಿದ್ದಾನೆ.)

ಮಂಜ: ಅತ್ತೆ, ಈ ಬಳೆ ಎಷ್ಟು ಗಟ್ಟಿ?

ಜಯಮ್ಮ: ಫಿರೋಜಾಬಾದ್ ಮಾಲು ಕನ್ಲಾ. ಎರಡು-ನಾಲ್ಕು, ಎರಡು-ಆರು, ಯಾವ ಸೈಜು ಬೇಕು?

ಮಂಜ: ಸೈಜಲ್ಲ. ಎಷ್ಟು ಭಾರಕ್ಕೆ ಒಡೀತದೆ ಅಂತ.

ಜಯಮ್ಮ: ಸುಕ್ರವಾರ, ಅಮ್ಮನ ಗುಡಿ ದಾರೀಲಿ, ಗಂಡಸು ಬಳೆ ಒಡೆಯೋ ಮಾತಾಡ್ತಾನೆ! ಬಿಡ್ತು ಅನ್ಲಾ.

ಮಂಜ: ಬಿಡ್ತು, ಬಿಡ್ತು. ಆದ್ರೆ ಒಡೀದೆ ಗಾಜಿನ ಶಕ್ತಿ ಗೊತ್ತಾಗಕ್ಕಿಲ್ಲವಲ್ಲ. ಕಬ್ಬಿಣ ಆದ್ರೆ ಮೊದಲು ಬಗ್ತದೆ. ಗಾಜು, ಪಿಂಗಾಣಿ ಬಗ್ಗಕ್ಕಿಲ್ಲ. ಒಂದೇ ಸಲ ಪಟ್ ಅಂತವೆ.

ಜಯಮ್ಮ: ನಿಮ್ಮ ಮಾವನ ತರ.

ಮಂಜ: ಬಳೇನ ಮೇಲಿಂದ ಅದುಮಿದ್ರೆ, ಅದುಮಿದ ಕಡೆ ಒಳಮೈ ಎಳೆದಂಗಾಯ್ತದೆ. ಗಾಜು ಒತ್ತಿದ್ರೆ ತಡೀತದೆ, ಎಳೆದ್ರೆ ಸೋಲ್ತದೆ. ಅಲ್ಲೊಂದು ಕಣ್ಣಿಗೆ ಕಾಣದ ಗೀರಿದ್ರೆ ಮುಗೀತು. 1920ರಲ್ಲೇ ಇಂಗ್ಲೆಂಡಿನ ಗ್ರಿಫಿತ್...

ಜಯಮ್ಮ: ಅವನದೂ ಬಳೆ ಯಾಪಾರವಾ?

ಮಂಜ: ಗಾಜಿನ ನೂಲೆಳೆದು ಜಗ್ಗಿ ನೋಡ್ದೋನು. ಸೋಲ್ಸೋದು ಗೀರು ಅಂದ.

ಜಯಮ್ಮ: ಹಂಗಾರೆ ಆಚೆ ಹೋಗಿ ಒಂದು ಒಡ್ಕೊ.

ಮಂಜ: ಒಂದು ಸಾಲದು. ಒಂದೇ ಭಟ್ಟಿ ಮಾಲಾದ್ರೂ ಗೀರು ಬೇರೆ ಬೇರೆ. ಒಂದು ಬೇಗ ಹೋದ್ರೆ ಇನ್ನೊಂದು ಜಗಮೊಂಡ. ಬರೀ ಸರಾಸರಿ ನಂಬಂಗಿಲ್ಲ. ಎಷ್ಟು ಭಾರಕ್ಕೆ ನೂರರಲ್ಲಿ ಎಷ್ಟು ಹೋಯ್ತವೆ ಅನ್ನೋ ಲೆಕ್ಕಾನ ಸ್ವೀಡನ್ನಿನ ವೈಬುಲ್ 1939ರಲ್ಲಿ ಕೊಟ್ಟ. ಅದಕ್ಕೊಂದು 30 ಒಡೀಬೇಕು.

ಜಯಮ್ಮ: 30 ಒಡೆದು, ಗಟ್ಟಿ ಅಂತ ಮಾರೋದು ಯಾವುದ್ನ?

ಮಂಜ: ಮಿಕ್ಕಿದ್ನ.

ಜಯಮ್ಮ: ಅವನ್ನ ಒಡೆದೇ ಇಲ್ವಲ್ಲ, ಗಟ್ಟಿ ಅಂತ ಹೆಂಗ್ ಗೊತ್ತು?

ಮಂಜ: (ತಲೆ ಕೆರೆದು) ಅದಕ್ಕೇ ತಂತಿ ಹಿಡಿದು ನೇತಾಡೋ ಪಿಂಗಾಣಿನ ಒಂದೊಂದನ್ನೂ ಎಳೆದು ನೋಡೇ ಕಳಿಸೋದು. ನಮ್ಮ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತಲ್ಲ, ಅಂಥ ಲೈನಲ್ಲಿ ಒಂದು ಕೈಕೊಟ್ರೂ ತಂತಿ ನೆಲಕ್ಕೆ. ಎಳೆತ ತಡೆದದ್ದು ಪಾಸು.

ಜಯಮ್ಮ: ಅಷ್ಟೇಯಾ? ನಾನೂ ಸೋಪು ಹಚ್ಚಿ, ಕೈ ಅದುಮಿ ತೊಡಿಸ್ತೀನಿ. ತೊಡಿಸೋವಾಗ ಹೋದದ್ದು ನನ್ನ ಲೆಕ್ಕ, ತಡೆದದ್ದಕ್ಕೆ ಮಾತ್ರ ದುಡ್ಡು.

ಮಂಜ: ಆದ್ರೂ ತಡೆದ ಬಳೆ ನಾಳೆ ಹೋಗಬೌದು ಅತ್ತೆ. ಬಿಗಿ ಇದ್ದಾಗ ಗೀರಿಗೆ ನೀರಿನ ಪಸೆ ಸೇರಿದ್ರೆ ಬಿರುಕು ಮೆಲ್ಲಗೆ ಬೆಳೀತದೆ.

ಜಯಮ್ಮ: ಮೊದಲೇ ಬೊಗಳಬಾರ್ದಾ! ಹೊಳೇಲಿ ಮಿಂದು ಬಂದು ಬದಲಿ ಕೊಡು ಅಂತ ಒಬ್ಬಳು ಜುಟ್ಟು ಹಿಡಿಯಕ್ಕೇ ಬಂದಿದ್ಲು.

ಮಂಜ: 30 ಕೊಡು, ಮಿಷನ್ನಿಗೆ ಹಾಕಿ ಹೇಳ್ತೀನಿ.

ಜಯಮ್ಮ: ಎರಡೂವರೆ ಡಜನ್ನಾ? ಡಜನ್ ಮುರಿಯಕ್ಕಿಲ್ಲ, 36 ತಗೊ.

ಮಂಜ: ಮಿಕ್ಕ ಆರು?

ಜಯಮ್ಮ: ನಿನ್ನ ಹೆಂಡ್ತಿಗೆ ತೊಡಿಸು. ನೂರಕ್ಕೆ ಎಷ್ಟು ಒಡೀತವೆ ಅಂತ ತೊಡಿಸ್ತಾನೇ ಹೇಳು. ನೀನೆಷ್ಟು ಗಟ್ಟಿ ಅಂತ ಅವಳು ನೋಡ್ತಾಳೆ.