ಸಂದರ್ಭ ಸಹಿತ ವಿವರಿಸಿ

ಕನ್ನಡ ಪರೀಕ್ಷೆಯಲ್ಲಿ ಪದ್ಯ ಅರ್ಥವಾಗದಿದ್ದರೂ ಅಂಕ ಗಿಟ್ಟುತ್ತಿದ್ದದ್ದು 'ಸಂದರ್ಭ ಸಹಿತ ವಿವರಿಸಿ' ಎಂಬ ಪ್ರಶ್ನೆಗೆ. ಪಾಠದ ಹೆಸರು, ಕವಿಯ ಹೆಸರು, ಯಾರು ಯಾರಿಗೆ ಹೇಳಿದರು ಎಂದು ಬರೆದು, ಕೊನೆಗೆ 'ಸ್ವಾರಸ್ಯ' ಅಂತ ಅಡಿಗೆರೆ ಎಳೆದು, 'ಕವಿ ಬಹಳ ಸ್ವಾರಸ್ಯಕರವಾಗಿ ವರ್ಣಿಸಿದ್ದಾರೆ' ಎಂದರೆ ಮುಗಿಯಿತು. ಓದುವವನ ಸಂದರ್ಭ ಏನು ಎಂದು ಮಾತ್ರ ಯಾವ ಮೇಷ್ಟರೂ ಕೇಳಲಿಲ್ಲ. ಅರ್ಧ ಮಾರ್ಕಾದರೂ ಅದಕ್ಕಿರಬೇಕಿತ್ತು.

ಬೀಥೋವನ್‌ನ ಪಾಡು ನೋಡಿ. ಆತ 1810ರಲ್ಲಿ ಬರೆದ 'ಫ್ಯೂರ್ ಎಲೀಸ್' ಅಚ್ಚಾದದ್ದು ಆತ ಸತ್ತು 40 ವರ್ಷದ ಮೇಲೆ, 1867ರಲ್ಲಿ. ಆ ಎಲೀಸ್ ಯಾರೆಂದು ಪಂಡಿತರು ಇನ್ನೂ ಜಗ್ಗಾಡುತ್ತಿದ್ದಾರೆ. ನಮ್ಮ ಬೀದಿಯಲ್ಲಿ ಅಂಥ ತಕರಾರಿಲ್ಲ. ಅದು ಎದುರುಮನೆಯ ಕಾರು ರಿವರ್ಸ್ ಬರುವ ಹಾಡು. ಗೇಟಿನ ಮುಂದೆ ಮಲಗಿದ ನಾಯಿಗೂ ಗೊತ್ತು: ಮೊದಲ ನಾಲ್ಕು ಸ್ವರಕ್ಕೆ ಕಣ್ಣು ತೆರೆಯುತ್ತದೆ, ಐದನೆಯದಕ್ಕೆ ಎದ್ದು ಮೈಕೊಡವಿ ಮೋರಿ ಪಕ್ಕಕ್ಕೆ ಸರಿಯುತ್ತದೆ. ತೈವಾನಿನಲ್ಲಿ ಕಸದ ಲಾರಿ ಬರುವುದೇ ಆ ರಾಗ ಹಾಕಿಕೊಂಡು. ಜನ ಚೀಲ ಹಿಡಿದು ಓಡಿಬರುತ್ತಾರೆ. ಮೊನ್ನೆ ಪಿಯಾನೋ ಬಲ್ಲ ಗೆಳೆಯರೊಬ್ಬರು ಕಣ್ಣು ಮುಚ್ಚಿ ಅದನ್ನೇ ನುಡಿಸಿದಾಗ ನಾನು ಕುರ್ಚಿ ಸಮೇತ ಗೋಡೆಗೆ ಒತ್ತಿಕೊಂಡೆ. ಭಾವಪರವಶನಾದೆನೆಂದು ಅವರು ಇವತ್ತಿಗೂ ನಂಬಿದ್ದಾರೆ.

ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ' 1943ರದ್ದು, 945 ಪದ್ಯಗಳು. ಆದರೆ ಬೀಳ್ಕೊಡುಗೆ ಸಮಾರಂಭಗಳಿಗೆ ಹೋಗಿ ಬಂದರೆ ಇರುವುದು ಒಟ್ಟು ಆರೇಳೇ ಎನ್ನಿಸುತ್ತದೆ. ಸರ್ವಿಸ್ ಪೂರ್ತಿ ಇನ್‌ಕ್ರಿಮೆಂಟಿಗೆ ಕಿತ್ತಾಡಿದವರು ಶಾಲು ಹೊದ್ದು, ಪೇಟ ಓರೆಯಾಗಿ, ನಶ್ವರತೆಗೆ ತಲೆಯಾಡಿಸುತ್ತಾರೆ. ಮರುದಿನ ಅದೇ ಪದ್ಯ ಗುಲಾಬಿ ಹೂವು, ಹಬೆಯಾಡುವ ಕಾಫಿ ಸಮೇತ ವಾಟ್ಸ್ಆ್ಯಪ್‌ಗೆ ಬಂದು ಬೀಳುತ್ತದೆ. ಓದದೆ ಕೈಮುಗಿಯುವ ಚಿಹ್ನೆ ಒತ್ತುತ್ತೇನೆ. ಒಂದು ರಾತ್ರಿ ಆಸ್ಪತ್ರೆಯ ಬೆಂಚಿನಲ್ಲಿ, ಡಾಕ್ಟರು ಹೊರಬರುವುದನ್ನು ಕಾಯುತ್ತ, ಬೇರೇನೂ ತೋಚದೆ ಅದನ್ನೇ ತೆರೆದೆ. ನಾಲ್ಕು ಸಾಲು ದಾಟಲು ತುಂಬ ಹೊತ್ತು ಹಿಡಿಯಿತು. ಗುಲಾಬಿ ಅಲ್ಲೇ ಇತ್ತು, ನನಗೆ ಕಾಣಲಿಲ್ಲ.

ಕೆಲವು ಹಾಡುಗಳಿಗೆ ಬಡ್ತಿಯೂ ಸಿಗುತ್ತದೆ. ತ.ರಾ.ಸು. ಕಾದಂಬರಿಗಳನ್ನು ಆಧರಿಸಿದ 'ಆಕಸ್ಮಿಕ' (1993) ಚಿತ್ರಕ್ಕೆ ಹಂಸಲೇಖ ಬರೆದು ರಾಗ ಹಾಕಿ, ರಾಜ್‌ಕುಮಾರ್ ಹಾಡಿದ್ದು ಹೇಳಿಕೇಳಿ ಜಟಕಾ ಬಂಡಿಯ ಹಾಡು. ಈಗ ನವೆಂಬರ್ ಬಂತೆಂದರೆ ಅದರ ಸ್ಥಾನ ನಾಡಗೀತೆಗಿಂತ ಒಂದೇ ಮೆಟ್ಟಿಲು ಕೆಳಗೆ. ಆಟೋ ಸ್ಟ್ಯಾಂಡಿನಲ್ಲಿ ಕೆಂಪು-ಹಳದಿ ಬಾವುಟ, ಭುವನೇಶ್ವರಿ ಪಟ, ಆಳೆತ್ತರದ ಸ್ಪೀಕರು. ಎರಡನೇ ಚರಣಕ್ಕೆ ಬೈಕ್ ನಿಲ್ಲಿಸದ ಕನ್ನಡಿಗನನ್ನು ನಾನು ಕಂಡಿಲ್ಲ. ರಸ್ತೆ ಅಡ್ಡಗಟ್ಟಿರುತ್ತಾರೆ ಅನ್ನುವುದು ಬೇರೆ ಮಾತು.

ಅದೇ ಹಾಡನ್ನು ಜುಲೈ ತಿಂಗಳಲ್ಲಿ, ಮನೆಯಲ್ಲಿ ಒಬ್ಬನೇ ಕೂತು ಇಯರ್‌ಫೋನಿನಲ್ಲಿ ಕೇಳಿದೆ. ದನಿ ಸ್ಫಟಿಕದಂತಿತ್ತು, ತಬಲಾದ ಒಂದೊಂದು ಪೆಟ್ಟೂ ಬಿಡಿಬಿಡಿ. ಆದರೂ ಏನೋ ಸಪ್ಪೆ. ಚಿತ್ರಾನ್ನ ಹಂಚುವವರಿಲ್ಲ, ನಡುವೆ ಮೈಕು ಕಿತ್ತುಕೊಂಡು ವಾರ್ಡಿನ ಮುಖಂಡರಿಗೆ ಸ್ವಾಗತ ಕೋರುವವರಿಲ್ಲ. ಸದ್ದಾದರೂ ಸರಿಹೋಗಲೆಂದು ವಾಲ್ಯೂಮ್ ಏರಿಸುತ್ತ ಹೋದರೆ, ಇದರಿಂದ ಕಿವಿಗೆ ಹಾನಿ ಎಂದು ಫೋನು ಬುದ್ಧಿ ಹೇಳಿತು.